ಬಂದೂಕು ನೋಡುವ ಶಾಸ್ತ್ರ

ನನ್ನನ್ನು ನೋಡಲು ಬಂದಾಗ ನಮ್ಮ ಅತ್ತೆಯ ಮನೆಯವರು ಒಂದು ಟೆಂಪೋದಲ್ಲಿ ಬಂದಿದ್ದರು. ಬಂದೂಕು ನೋಡಲು ಹೊರಟಾಗ ಟೆಂಪೋ ಸಾಲದೆ ಹಿಂದೆ ಒಂದು ಆಟೋ ಕೂಡ ಮಾಡಬೇಕಾಯಿತು. ಆ ಮನೆಯಲ್ಲಿ ಯಾರಿಗೆ ಎಷ್ಟು ಮರ್ಯಾದೆ ಎಂಬುದು ನನಗೆ ಅವತ್ತೇ ತಿಳಿಯಬೇಕಿತ್ತು. ಆದರೆ ನಾನು ಆಟೋದಲ್ಲಿ ಹಣ್ಣು-ಕಾಯಿಯ ಬುಟ್ಟಿ ಹಿಡಿದುಕೊಂಡು ಕೂತಿದ್ದೆ, ಯೋಚನೆ ಮಾಡುವಷ್ಟು ಜಾಗವೂ ಅಲ್ಲಿರಲಿಲ್ಲ.

ಬಂದೂಕು ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮದು ದರೋಡೆಕೋರರ ಮನೆತನ ಅಂದುಕೊಂಡೀರಿ. ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆಯವರು ರಾಣೆಬೆನ್ನೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗೇಟು ಕಾಯುತ್ತಿದ್ದರು. ಲಾರಿ ಬಂದರೆ ಗೇಟು ತೆಗೆಯುವುದು, ಲಾರಿ ಹೋದರೆ ಗೇಟು ಹಾಕುವುದು. ಫ್ಯಾಕ್ಟರಿ ಮುಚ್ಚಿತು. ಮಾಲೀಕರು ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟು, ಹೆಗಲ ಮೇಲೆ ಕೈ ಹಾಕಿ, ಫೋಟೋ ತೆಗೆಸಿಕೊಂಡು ಕಳಿಸಿದರು.

ಕಾಯುವ ಚಟ ಇದ್ದವರಿಗೆ ಕಾಯಲು ಏನೂ ಇಲ್ಲದಿದ್ದರೆ ಬಹಳ ಕಷ್ಟ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬಂದ ಹೆಂಗಸರಿಗೆಲ್ಲ ಚಪ್ಪಲಿ ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಕೂರಬೇಕು ಎಂದು ಹೇಳತೊಡಗಿದರು. ಒಬ್ಬ ಟೀಚರಮ್ಮನಿಗೆ "ಒಳಗ ಯಾರನ್ನ ಕಾಣಬೇಕ್ರಿ? ಹೆಸರು ಹೇಳ್ರಿ" ಎಂದರು. ಆಕೆ ಬ್ಲೌಸ್ ಪೀಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ದಾರಿಯಲ್ಲೇ ಹೋದಳು, ಮತ್ತೆ ಬರಲಿಲ್ಲ. ನಾನು ಮಷೀನು ನಿಲ್ಲಿಸಿ, "ರೀ, ನಿಮಗ ಕೈ ಮುಗಿತೇನಿ, ಎಲ್ಲಿಯಾದ್ರೂ ಒಂದು ಗೇಟ್ ಹುಡುಕ್ಕೊಳ್ರಿ" ಎಂದೆ.

ಗೇಟು ಸಿಕ್ಕಿತು. ಹಾವೇರಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಸೆಕ್ಯುರಿಟಿ ಏಜೆನ್ಸಿ ಇಟ್ಟುಕೊಂಡಿದ್ದ ಒಬ್ಬ ಮನುಷ್ಯ ನಮ್ಮ ಮನೆಗೇ ಬಂದ. ಬ್ಯಾಡಗಿಯ ಮಾರ್ಕೆಟ್ ರಸ್ತೆಯ ಒಂದು ಬ್ಯಾಂಕಿಗೆ ಬಾಗಿಲಲ್ಲಿ ನಿಲ್ಲುವವರು ಬೇಕಂತೆ. ಚಹಾ ಕುಡಿಯುತ್ತ ಲೆಕ್ಕ ಬಿಡಿಸಿ ಹೇಳಿದ: "ನೋಡ್ರಿ, ಲಾಠಿ ಹಿಡದ್ರ ಒಂದು ಪಗಾರ. ಬಂದೂಕ ಹಿಡದ್ರ ಅದರ ಎರಡರಷ್ಟ ಪಗಾರ. ಬಂದೂಕ ಮಾತ್ರ ನಿಮ್ದ ಇರಬೇಕು, ಲೈಸೆನ್ಸ್ ನಿಮ್ಮ ಹೆಸರಿಗೇ ಇರಬೇಕು."

"ಅಂದ್ರ ಮನುಷ್ಯಾಗೊಂದು ಪಗಾರ, ಬಂದೂಕಿಗೊಂದು ಪಗಾರ ಅಂದಂಗಾತು" ಎಂದೆ ನಾನು.

"ಅಕ್ಕಾರು ಶಾಣ್ಯಾ ಅದಾರ" ಎಂದು ಅವನು ನಕ್ಕ. ನಾನು ನಗಿಸಲು ಹೇಳಿದ್ದಲ್ಲ.

ಅವನದು ಇನ್ನೊಂದು ಷರತ್ತು ಇತ್ತು. ಬಂದೂಕು ಪಂಪ್ ಆಕ್ಷನ್ ಇರಬೇಕು. ಅಂದರೆ ನಳಿಗೆಯ ಕೆಳಗಿನ ಹಿಡಿಕೆಯನ್ನು ಹಿಂದೆ ಎಳೆದು ಮುಂದೆ ತಳ್ಳಿದರೆ ಗುಂಡಿನ ತೋಟಾ ತಾನಾಗಿ ಒಳಗೆ ಕೂಡುವಂಥದ್ದು. ಅವನು ಎರಡೂ ಕೈ ಗಾಳಿಯಲ್ಲಿ ಆಡಿಸಿ, ಬಾಯಲ್ಲಿ "ಖಟಕ್ ಖಟಕ್" ಎಂದು ಸಪ್ಪಳ ಮಾಡಿ ತೋರಿಸಿದ. "ಹಳೇ ಜೋಡಿ ನಳಿಗೀದು ತಂದ್ರ ಬ್ಯಾಂಕಿನವ್ರು ಮುಖ ಸಿಂಡರಸ್ತಾರ. ಪಂಪ್ ಆಕ್ಷನ್ ಅಂದ್ರ ನೋಡಿದವ್ರಿಗೆ ಒಂದು ಗತ್ತು. ಮೆಣಸಿನಕಾಯಿ ಸೀಜನ್ ಶುರು ಆಗೂ ಮೊದಲ ತಂದ್ರ ಕೆಲಸ ನಿಮ್ದು. ಇಲ್ಲಾಂದ್ರ ಬ್ಯಾರೆಯವ್ರು ರೆಡಿ ಅದಾರ."

ಇವರ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಫ್ಯಾಕ್ಟರಿ ಮುಚ್ಚಿದ ಮೇಲೆ ಆ ಕಣ್ಣು ಅರಳಿದ್ದು ಅದೇ ಮೊದಲು. ಆದರೆ ಕೈಯಲ್ಲಿದ್ದದ್ದು ಫ್ಯಾಕ್ಟರಿಯವರು ಕೊಟ್ಟ ಆ ಕೊನೆಯ ದುಡ್ಡು ಮಾತ್ರ. ಅಷ್ಟರಲ್ಲೇ ಬಂದೂಕು ಬರಬೇಕು. ಅದು ದಂಡವಾದರೆ ದುಡ್ಡೂ ಇಲ್ಲ, ಕೆಲಸವೂ ಇಲ್ಲ, ಮತ್ತೆ ನನ್ನ ಬಾಗಿಲಲ್ಲಿ ಕುರ್ಚಿ.

ಲೈಸೆನ್ಸಿಗೆ ಒಂದು ಹಾದಿ ಇತ್ತು. ನಮ್ಮ ಮಾವನವರು ಹಲಗೇರಿಯ ಹೊಲದಲ್ಲಿ ಹಂದಿ ಬೆದರಿಸಲು, ಮದ್ದು ತುಂಬಿ ಹಾರಿಸುವ ಒಂದು ಮಸಿ ಬಂದೂಕು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ತುಕ್ಕು ಹಿಡಿದು ಅಟ್ಟದ ಮೇಲೆ ಬಿದ್ದಿತ್ತು. ಅದರ ಕಾಗದ ಹಿಡಿದುಕೊಂಡು ಇವರು ಹಾವೇರಿಯ ಡಿಸಿ ಆಫೀಸಿಗೆ ಅಡ್ಡಾಡಿದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರು ಬೆಂಗಳೂರಿಗೆ ಹೋಗಿದ್ದಾರೆ, ಸಾಹೇಬರು ಈಗಷ್ಟೇ ಊಟಕ್ಕೆ ಎದ್ದರು. ಸಾಹೇಬರು ಎಂಬ ಒಬ್ಬ ಮನುಷ್ಯ ನಿಜವಾಗಿಯೂ ಇದ್ದಾರೋ ಇಲ್ಲವೋ ಎಂದು ನನಗೆ ಸಂಶಯ ಬಂದ ಹೊತ್ತಿಗೆ ಪೊಲೀಸರು ವಿಚಾರಣೆಗೆ ಮನೆಗೆ ಬಂದರು.

ಬಂದ ಪೊಲೀಸಪ್ಪ ನನ್ನ ಮಷೀನಿನ ಸ್ಟೂಲಿನ ಮೇಲೆ ಕೂತು ಕೇಳಿದ, "ಏನವಾ, ನಿಮ್ಮವರಿಗೆ ಸಿಟ್ಟು ಬರತೈತೇನು?"

"ಬರತೈತ್ರಿ. ರೊಟ್ಟಿ ತಣ್ಣಗಾದ್ರ ಬರತೈತಿ."

"ಹಂಗಲ್ಲವಾ. ಯಾರನ್ನಾದ್ರೂ ಬಡಿಯೂದು, ಹೊಡಿಯೂದು?"

ಒಳಗಿನಿಂದ ಅತ್ತೆ, "ನನ ಮಗ ಒಂದ್ ಇರುವಿ ಬಡದವನಲ್ರೀ ಸಾಹೇಬ್ರ!" ಎಂದು ಕೂಗಿದರು. ಪೊಲೀಸಪ್ಪನಿಗೆ ಅನುಮಾನ ಶುರುವಾಯಿತು. ಇರುವೆಯನ್ನೂ ಬಡಿಯದವನಿಗೆ ಬಂದೂಕು ಯಾತಕ್ಕೆ? ಎರಡು ಬಟ್ಟಲು ಚಹಾ ಕುಡಿದ ಮೇಲೆ ಅವನ ಅನುಮಾನ ಇಳಿಯಿತು. ಹೋಗುವಾಗ ತನ್ನ ಹೆಂಡತಿಯ ಬ್ಲೌಸಿಗೆ ಕೂಲಿ ಎಷ್ಟು ತೆಗೆದುಕೊಳ್ಳುತ್ತೀಯ ಎಂದೂ ಕೇಳಿದ. ಬ್ಲೌಸ್ ಹೊಲಿಸಿಕೊಂಡ, ಕೂಲಿ ಕೊಡಲಿಲ್ಲ. ಲೈಸೆನ್ಸ್ ಬಂತು.

ಇನ್ನು ಬಂದೂಕು. ಹೊಸದನ್ನು ವಿಚಾರಿಸಲು ಇವರು ಒಬ್ಬರೇ ಹುಬ್ಬಳ್ಳಿಯ ಅಂಗಡಿಗೆ ಹೋಗಿ, ಬೆಲೆ ಕೇಳಿ, ಅಂಗಡಿಯವನ ಹತ್ತಿರ ಒಂದು ಗ್ಲಾಸು ನೀರು ಇಸಿದುಕೊಂಡು ಕುಡಿದು, ಬಂದ ಬಸ್ಸಿಗೇ ಹತ್ತಿ ವಾಪಸು ಬಂದರು. ಅಲ್ಲಿಗೆ ಹೊಸದರ ಆಸೆ ಮುಗಿಯಿತು. ಯಾರಾದರೂ ಇಟ್ಟುಕೊಂಡು ಬೇಡವಾದದ್ದನ್ನೇ ನೋಡಬೇಕು. ಆಗ ಹಲಗೇರಿಯಿಂದ ನಮ್ಮ ದೊಡ್ಡ ಮಾವ, ಅಂದರೆ ಮಾವನವರ ಅಣ್ಣ, ಪಟಗಾ ಸುತ್ತಿಕೊಂಡು ಬಂದಿಳಿದರು. ಮನೆತನದ ಎಲ್ಲ ಮದುವೆಗಳನ್ನು ಕುದುರಿಸಿದವರು ಅವರು. ಅದರಲ್ಲಿ ಅರ್ಧ ಮದುವೆಗಳು ನೆಟ್ಟಗಿಲ್ಲ, ಅದು ಬೇರೆ ಮಾತು. "ಮನಿಗಿ ಒಂದು ಹೊಸಾ ಜೀವ ಬರೂದೈತಿ. ಹಿರಿಯಾರು ಇಲ್ದ ಹೋಗಿ ನೋಡಬಾರ್ದು" ಎಂದರು. ಕಬ್ಬಿಣ ಮತ್ತು ಕಟ್ಟಿಗೆಯ ಸಾಮಾನಿಗೆ ಜೀವ ಬಂದದ್ದು ಹೀಗೆ.

ಮೊದಲು ಹಾವೇರಿಯಲ್ಲಿ ಒಬ್ಬ ರಿಟೈರ್ಡ್ ಅಧಿಕಾರಿಯ ಮನೆಗೆ ಹೋದೆವು. ವಯಸ್ಸಾದ ಮನುಷ್ಯ, ಒಬ್ಬರೇ ಇದ್ದರು. ನಮ್ಮ ಹಿಂಡು ನೋಡಿ ಗಾಬರಿಯಾಗಿ ಮೊದಲು ಪಕ್ಕದ ಮನೆಯಿಂದ ಅವಲಕ್ಕಿ ತರಿಸಿದರು. ಅವರದು ಜೋಡಿ ನಳಿಗೆಯದು. ಎಣ್ಣೆ ಹಚ್ಚಿ ಒರೆಸಿ ಮಗುವಿನ ಹಾಗೆ ಇಟ್ಟಿದ್ದರು. ಬೆಲೆ ನಮಗೆ ಎಟುಕುವಂಥದ್ದು, ಮೇಲೆ ಒಂದಿಷ್ಟು ಉಳಿಯುತ್ತಿತ್ತು ಕೂಡ. ಅತ್ತೆ ಎರಡು ನಳಿಗೆ ನೋಡಿ, "ಜೋಡಿ ಇರೂದು ಛಲೋ ಅಲ್ರೀ, ಲಕ್ಷ್ಮೀ-ನಾರಾಯಣ ಇದ್ದಂಗ" ಎಂದು ಖುಷಿಪಟ್ಟರು.

ದೊಡ್ಡ ಮಾವ ಮೀಸೆ ಒರೆಸಿಕೊಂಡು ವಿಚಾರಣೆ ಶುರು ಮಾಡಿದರು. "ಎಷ್ಟು ಕೈ ದಾಟಿ ಬಂದೈತ್ರಿ ಇದು?"

"ನಂದ ಮೊದಲನೇ ಕೈ."

"ಏನರ ಅಪವಾದ? ಕೋರ್ಟು ಕಚೇರಿ?"

"ಏನೂ ಇಲ್ರಿ" ಎಂದರು ಹಿರಿಯರು ತಾಳ್ಮೆಯಿಂದ. "ಬಾಯಿ ಮಾತು ಯಾಕ? ನನ್ನ ಹೊಲ ಊರ ಹೊರಗ ಐತಿ. ಹೋಗಿ ಒಂದು ತೋಟಾ ಹಾರಿಸಿ ನೋಡ್ರಿ."

ದೊಡ್ಡ ಮಾವ ಕಿವಿ ಹಿಡಿದುಕೊಂಡರು. "ಶಿವ ಶಿವಾ! ನೋಡಾಕ ಬಂದಾಗ ಹಂಗ ಸಪ್ಪಳ ಮಾಡಬಾರದ್ರೀ. ಶುಭ ಕಾರ್ಯ."

ನಮ್ಮ ಕಡೆ ನೋಡುವ ಶಾಸ್ತ್ರವೆಂದರೆ ಅಷ್ಟೇ. ನೋಡಬೇಕು, ಪರೀಕ್ಷೆ ಮಾಡಬಾರದು. ಪರೀಕ್ಷೆ ಮಾಡಿದರೆ ಎದುರಿನವರಿಗೆ ಅವಮಾನ. ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ತಿಂದು, ಹುಡುಗಿಯ ಕೈರುಚಿ ಛಲೋ ಐತಿ ಎಂದು ಇವರೆಲ್ಲ ಕೊಂಡಾಡಿದ್ದರು. ಆ ಉಪ್ಪಿಟ್ಟು ಮಾಡಿದವಳು ನಮ್ಮ ಚಿಗವ್ವ. ನನ್ನ ಉಪ್ಪಿಟ್ಟು ಹೇಗಿರುತ್ತದೆ ಎಂದು ಅವರಿಗೆ ತಿಳಿದದ್ದು ತಾಳಿ ಕಟ್ಟಿದ ಮೇಲೆ.

ಜೋಡಿ ನಳಿಗೆಯದು ಪಂಪ್ ಆಕ್ಷನ್ ಅಲ್ಲವಲ್ಲ, ಏಜೆನ್ಸಿಯವನು ಒಪ್ಪುವುದಿಲ್ಲ. ಅಧಿಕಾರಿಗೆ ಕೈ ಮುಗಿದು, ಅವಲಕ್ಕಿ ಖಾಲಿ ಮಾಡಿ ಎದ್ದೆವು. "ತಿಳಸ್ತೇವ್ರಿ" ಎಂದರು ದೊಡ್ಡ ಮಾವ. ನಮ್ಮ ಕಡೆ ಹಾಗೆಂದರೆ ತಿಳಿಸುವುದಿಲ್ಲ ಎಂದೇ ಅರ್ಥ. ಆ ಹಿರಿಯರಿಗೆ ಅದು ಗೊತ್ತಾಗದೆ ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಎರಡನೆಯದು ಬ್ಯಾಡಗಿಯ ಒಬ್ಬ ದಲಾಲರದು. ಮೆಣಸಿನಕಾಯಿಯ ದೊಡ್ಡ ವ್ಯಾಪಾರ. ಮನೆಯ ಒಳಗೆ ಕಾಲಿಟ್ಟರೆ ಸಾಕು, ಮೂಗು, ಕಣ್ಣು ಎಲ್ಲ ಸುರಿಯುತ್ತದೆ. ನಾವು ಬಂದದ್ದು ಬಂದೂಕಿಗೋ ಸಾವಿಗೋ ಎಂದು ಓಣಿಯವರು ಇಣುಕಿ ನೋಡಿದರು, ಅಷ್ಟು ಜನ ಅಷ್ಟು ಅಳುತ್ತಿದ್ದೆವು. ದಲಾಲರು ಮಿರ್ಚಿ, ಮಂಡಕ್ಕಿ, ಆಮೇಲೆ ಪೇಢಾ, ಆಮೇಲೆ ಚಹಾ ಕೊಡಿಸಿದರು. ಅವಲಕ್ಕಿಯ ಮನೆಗಿಂತ ಇದು ಮೇಲು ಎಂದು ಬಂದೂಕು ನೋಡುವ ಮೊದಲೇ ಎಲ್ಲರ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ದಲಾಲರು ತಿಜೋರಿ ತೆಗೆದು ಅದನ್ನು ಹೊರಗೆ ತಂದರು. ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತಿತ್ತು. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಕೆಯನ್ನು ಎಳೆದು ತಳ್ಳಿದರು. ಖಟಕ್, ಖಟಕ್. ಕೋಣೆಯಲ್ಲಿ ಸೀನುತ್ತಿದ್ದವರೂ ಸೀನು ನಿಲ್ಲಿಸಿದರು. ಇವರಂತೂ ಕೂತಲ್ಲಿಂದ ಎದ್ದೇ ನಿಂತರು. ಆ ಮುಖ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ನನ್ನನ್ನು ನೋಡಿದ ದಿನ ಇವರು ಎದ್ದು ನಿಂತಿರಲಿಲ್ಲ, ಪೇಪರ್ ಓದುತ್ತಿದ್ದರು.

ಅತ್ತೆ ಹತ್ತಿರ ಹೋಗಿ ಮುಟ್ಟಿ ನೋಡಿ, "ಬಣ್ಣ ಕಪ್ಪಾದ್ರೂ ಲಕ್ಷಣ ಐತಿ" ಎಂದರು. ನನ್ನ ವಿಷಯದಲ್ಲೂ ಇದೇ ಮಾತನ್ನು ಹೇಳಿದ್ದರು.

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದೆ, "ಹಾರತೈತಿಲ್ರೀ ಸಾವ್ಕಾರ್ರ?"

ದೊಡ್ಡ ಮಾವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಲಾಲರ ಹೆಂಡತಿ ಗಂಡನ ಮುಖ ನೋಡಿ, ಸರಕ್ಕನೆ ಒಳಗೆ ಹೋದರು. ದಲಾಲರು ನಕ್ಕರು. "ನಮ್ಮಂಥಾರ ಮನ್ಯಾಗಿಂದ ಹೋಗೂ ಸಾಮಾನು, ಏನ್ ಕೇಳ್ತಿ ತಂಗೀ?"

"ಆಕಿಗೆ ತಿಳಿಯಂಗಿಲ್ರೀ, ಬಟ್ಟಿ ಹೊಲಿಯಾಕಿ" ಎಂದು ದೊಡ್ಡ ಮಾವ ನನ್ನ ಪರವಾಗಿ ಕ್ಷಮೆ ಕೇಳಿದರು. ಮೈ ಉರಿದುಹೋಯಿತು. ಹೊಲಿಯುವವಳಿಗೆ ತಿಳಿಯುವುದಿಷ್ಟೇ: ಮಷೀನು ಕೊಳ್ಳುವ ಮೊದಲು ಒಂದು ಚೂರು ಬಟ್ಟೆ ಹಾಕಿ ತುಳಿದು ನೋಡಬೇಕು. ಆದರೆ ಅಲ್ಲಿ ಹೇಳಿದರೆ ಕೇಳುವವರು ಯಾರು? ಮಾತು ಮುಗಿದಿತ್ತು. ಇದ್ದ ದುಡ್ಡೆಲ್ಲ ಕೊಟ್ಟು, ಎಲ್ಲರ ಬಾಯಿಗೆ ಸಕ್ಕರೆ ಹಾಕಿ, ಎಲೆ-ಅಡಿಕೆ ಬದಲಾಯಿಸಿಕೊಂಡೆವು. ಹಾವೇರಿಯಲ್ಲಿ ಕಾಗದಪತ್ರ ಆಗಿ ಬಂದೂಕು ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲಿ ಆರತಿ ಎತ್ತಿದರು. ನಳಿಗೆಗೆ ವಿಭೂತಿ, ಹಿಡಿಗೆ ಕುಂಕುಮ. ದೇವರ ಜಗುಲಿಯ ಪಕ್ಕದಲ್ಲಿ ಮಲಗಿಸಿದ್ದಾಯಿತು. ಅದಕ್ಕೊಂದು ಕೆಂಪು ಮಖಮಲ್ಲಿನ ಗವಸು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಅಳತೆ ತೆಗೆದುಕೊಳ್ಳುವಾಗ, "ಬಿಗಿ ಮಾಡಬ್ಯಾಡ, ಉಸಿರಾಡ್ಲಿ" ಎಂದರು ಅತ್ತೆ.

ನಿಜ ಹೇಳಬೇಕೆಂದರೆ, ಅದು ಬಂದ ಮೇಲೆ ಇವರ ನಡಿಗೆಯೇ ಬದಲಾಯಿತು. ಬೆಳಿಗ್ಗೆ ಖಾಕಿ ಹಾಕಿಕೊಂಡು, ಹೆಗಲಿಗೆ ಬಂದೂಕು ಏರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವಾಗ ಓಣಿಯ ಗಂಡಸರು ಬೀಡಿ ಕೆಳಗಿಳಿಸುತ್ತಿದ್ದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು. ಕಾಗಿನೆಲೆಗೆ ಹೊರಟಿದ್ದ ಯಾತ್ರಿಕರ ಗುಂಪೊಂದು ಒಮ್ಮೆ ಇವರನ್ನು ದೊಡ್ಡ ಸಾಹೇಬರೆಂದು ತಿಳಿದು, ತಮ್ಮೂರಿನ ಜಗಳವನ್ನು ಬ್ಯಾಡಗಿ ಬರುವವರೆಗೆ ಒಪ್ಪಿಸಿತ್ತು. ಇವರು ಗಂಭೀರವಾಗಿ ಕೇಳಿ, "ನೋಡೋಣು" ಎಂದಿದ್ದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಮುಖದಲ್ಲಿ ಏನು ಕಳೆ! ನನಗೂ ಒಳಗೊಳಗೆ ಖುಷಿಯೇ ಆಗುತ್ತಿತ್ತು. ನನ್ನ ಬಾಗಿಲು ಖಾಲಿಯಾಗಿತ್ತು, ಗಿರಾಕಿಗಳು ವಾಪಸು ಬಂದಿದ್ದರು.

ಬ್ಯಾಂಕಿನಲ್ಲಿ ಮಾತ್ರ ಇವರಿಗೆ ಹೆಸರಿರಲಿಲ್ಲ. ಮ್ಯಾನೇಜರರು ಬೆಳಿಗ್ಗೆ ಬಂದವರೇ, "ಬಂದೂಕು ಬಂತಾ?" ಎಂದು ಕೇಳುತ್ತಿದ್ದರು. ಮೈಸೂರು ಕಡೆಯವರು, ಮಾತು ಬಹಳ ನಯ. "ಬಂದೂಕು ಸ್ವಲ್ಪ ಈ ಕಡೆ ನಿಂತ್ಕೊಳ್ಳಲಿ, ಬಂದೂಕಿಗೆ ಚಹಾ ಕೊಡಿ" ಎನ್ನುವರು. ಸೀಜನ್ನಿನಲ್ಲಿ ಮಾರ್ಕೆಟ್ಟಿನ ಘಾಟು ರಸ್ತೆ ದಾಟಿ ಬ್ಯಾಂಕಿನ ಒಳಗೇ ಬರುತ್ತಿತ್ತು. ಬಂದೂಕು ಹಿಡಿದ ಮನುಷ್ಯ ದಿನವಿಡೀ ಅಕ್ಷೀ ಅಕ್ಷೀ ಎಂದು ಸೀನುತ್ತ ನಿಂತರೆ ಕಳ್ಳರು ಹೇಗೆ ಹೆದರಬೇಕು? ಆದರೂ ಯಾರೂ ಬರಲಿಲ್ಲ. ಒಂದು ಸೀಜನ್ ಹೀಗೆಯೇ ಸಾಗಿತು.

ಆಮೇಲೆ ಮಹಾನವಮಿ ಬಂತು. ಆಯುಧ ಪೂಜೆಗೆ ಬಂದೂಕನ್ನು ಹಲಗೇರಿಗೆ ತರಲೇಬೇಕೆಂದು ದೊಡ್ಡ ಮಾವನ ಹುಕುಂ. ಕುಡ, ಕುಂಟೆ, ಕೊಡಲಿ, ಟ್ರ್ಯಾಕ್ಟರುಗಳ ನಡುವೆ ಅದನ್ನು ಇಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದರು. ಹೋಳಿಗೆ ಉಂಡ ಮೇಲೆ ದೊಡ್ಡ ಮಾವನಿಗೆ ಹುರುಪು ಬಂತು. "ಹೊಲದಾಗ ಹಂದಿ ಹಾವಳಿ ಐತಿ. ಒಂದು ಸಪ್ಪಳ ಮಾಡಿ ಬಿಡೋಣು" ಎಂದರು. ಆಗ ಶುಭ ಕಾರ್ಯಕ್ಕೆ ಸಪ್ಪಳ ಮಾಡಬಾರದು ಎಂದವರು ನೀವೇ ಅಲ್ಲವೇ ಎಂದು ಅವರನ್ನು ಕೇಳಬೇಕೆನ್ನಿಸಿತು. ಹಬ್ಬದ ದಿನ ಬಾಯಿ ಮುಚ್ಚಿಕೊಂಡೆ.

ಅರ್ಧ ಊರು ಹೊಲದ ಬದುವಿನಲ್ಲಿ ಬಂದು ನಿಂತಿತು. ಹೆಂಗಸರು ಕಿವಿಯಲ್ಲಿ ಬೆರಳಿಟ್ಟುಕೊಂಡರು. ಮುದುಕಿಯೊಬ್ಬಳು ಎಮ್ಮೆಯ ಕಿವಿಯನ್ನೂ ಮುಚ್ಚಲು ನೋಡಿದಳು. ಇವರು ಕಾಲು ಅಗಲಿಸಿ ನಿಂತು, ತೋಟಾ ಹಾಕಿ, ಖಟಕ್ ಖಟಕ್ ಮಾಡಿದರು. ಆ ಸಪ್ಪಳಕ್ಕೇ ಜನ "ಹೋ" ಎಂದಿತು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಬೆರಳಿನಿಂದ ಬಂದೂಕಿನ ಕುದುರೆ ಎಳೆದರು.

ಟಿಕ್.

ಅಷ್ಟೇ. ನಮ್ಮ ಮನೆಯ ಗೋಡೆ ಗಡಿಯಾರ ಅದಕ್ಕಿಂತ ಜೋರಾಗಿ ಸಪ್ಪಳ ಮಾಡುತ್ತದೆ. ಇವರು ಮತ್ತೆ ಎಳೆದರು. ತೋಟಾ ಬದಲಾಯಿಸಿ ಮತ್ತೆ ಎಳೆದರು. ಕಿವಿ ಮುಚ್ಚಿಕೊಂಡವರು ಪಾಪ, ಹಾರಿತೋ ಇಲ್ಲವೋ ತಿಳಿಯದೆ ಮುಚ್ಚಿಕೊಂಡೇ ನಿಂತಿದ್ದರು. ದೊಡ್ಡ ಮಾವ ಆ ಕಡೆ ತಿರುಗಿ, ಹಂದಿ ಬಂದ ಹೆಜ್ಜೆ ಇಲ್ಲೇ ಎಲ್ಲೋ ಇದ್ದವು ಎಂದು ನೆಲದಲ್ಲಿ ಹುಡುಕತೊಡಗಿದರು. ಇವರು ಇನ್ನೊಂದು ತೋಟಾಕ್ಕೆ ಜೇಬು ತಡಕುತ್ತಿದ್ದರು. ನಗು ಬರುವ ಹೊತ್ತಿನಲ್ಲೂ ನನಗೆ ನಗು ಬರಲಿಲ್ಲ.

ಮರುದಿನವೇ ನಾವಿಬ್ಬರೂ ಬ್ಯಾಡಗಿಯ ದಲಾಲರ ಮನೆಗೆ ಹೋದೆವು. ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ಹೌದಲಾ! ಅದರಾಗಿನ ಪಿನ್ ತೆಗಿಸಿದ್ನಿ" ಎಂದರು. ತೋಟಾದ ಬೆನ್ನಿಗೆ ಬಡಿಯುವ ಸಣ್ಣ ಪಿನ್ನು ಅದು, ಅದಿಲ್ಲದೆ ಬಂದೂಕು ಬರೀ ಕೊಳವೆ. "ನಮ್ಮ ಮನಿಯಾಕಿ ಅಂಜತಿದ್ಲು. ಮನ್ಯಾಗ ಹುಡುಗ್ರು ಅದಾವು, ತಿಜೋರಿ ತೆಗದಾಗ ಯಾರರ ಎಳದಾರು ಅಂತ. ಪಿನ್ ಎಲ್ಲೋ ಇಟ್ಟೇನಿ, ಈಗ ನೆನಪಿಲ್ಲ. ನೀವರ ಒಂದು ಮಾತು ಕೇಳಬಾರದೇನ್ರಿ?"

"ಕೇಳಿದ್ನೆಲ್ರೀ!" ಎಂದೆ ನಾನು. ನನ್ನ ದನಿ ಅವರ ಅಂಗಳ ದಾಟಿ ಹೋಗಿರಬೇಕು. "ಇದ ಕೋಣ್ಯಾಗ, ಇದ ಜಾಗಾದಾಗ ಕುಂತು ಕೇಳಿದ್ನಿ, ಹಾರತೈತಿಲ್ರೀ ಅಂತ!"

ದಲಾಲರು ಇವರ ಕಡೆ ತಿರುಗಿ, "ಗಂಡಸರು ಯಾರೂ ಕೇಳ್ಲಿಲ್ಲ" ಎಂದರು. ಒಂದು ಪೇಢೆಯನ್ನೂ ಕೊಡದೆ ಕಳಿಸಿದರು.

ನಮ್ಮ ಮನೆಯವರು ಎಂಥ ಮನುಷ್ಯ ಎಂದರೆ, ಅಲ್ಲಿಂದ ಸೀದಾ ಹಾವೇರಿಗೆ ಹೋಗಿ ಏಜೆನ್ಸಿಯವನ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಬೇಡ ಎಂದು ನಾನು ಬಸ್ಸಿನುದ್ದಕ್ಕೂ ಹೇಳಿದ್ದೆ, ಕೇಳಲಿಲ್ಲ. ಕೆಲಸ ಹೋಯಿತೆಂದು ಬಾಗಿಲ ಹತ್ತಿರವೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ.

"ಇದು ಹಾರಂಗಿಲ್ರಿ" ಎಂದರು ಇವರು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ.

ಏಜೆನ್ಸಿಯವನು ಫೋನು ಕೆಳಗಿಟ್ಟು, "ಹಾರಿಸು ಅಂತ ನಿಮಗ ಯಾರು ಹೇಳ್ಯಾರ?" ಎಂದ. "ಖಟಕ್ ಖಟಕ್ ಅಂತೈತಿಲ್ಲೋ?"

"ಅಂತೈತ್ರಿ."

"ಮತ್ತ? ನಡೀರಿ ಡ್ಯೂಟಿಗೆ."

"ಅಲ್ರೀ, ಹುಬ್ಬಳ್ಳಿಗೆ ಒಯ್ದು ಪಿನ್ ಹಾಕಿಸ್ತೇನಿ. ನಾಕು ದಿವಸ ರಜಾ ಕೊಡ್ರಿ."

"ರಜಾ ಬೇಕಾದ್ರ ನೀವು ತಗೊಳ್ರಿ. ಬಂದೂಕಿಗೆ ರಜಾ ಇಲ್ಲ. ಅದು ಬಾಗಿಲದಾಗ ಕಾಣದಿದ್ರ ಬ್ಯಾಂಕಿನವ್ರು ನನಗ ಬಿಲ್ ಕೊಡಂಗಿಲ್ಲ."

ಹೋದ ಕೆಲಸ ಉಳಿಯಿತಲ್ಲ ಎಂದು ನನಗೆ ಹಾಯೆನಿಸಿತು. ಇವರಿಗೆ ಹಾಗೆನಿಸಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿದು ಹಾಗೆಯೇ ಹಿಡಿದುಕೊಂಡು ಹೇಳಿದರು: "ಇಷ್ಟು ದಿನ ಅದರ ಧೈರ್ಯದ ಮ್ಯಾಲೆ ನಾ ನಿಂತಿದ್ನಿ. ಇನ್ನ ಮುಂದ ನನ್ನ ಧೈರ್ಯದ ಮ್ಯಾಲೆ ಅದು ನಿಂದರಬೇಕು ನೋಡು." ಬ್ಯಾಂಕಿಗೆ ರಜಾ ಇದ್ದ ಭಾನುವಾರ ಹುಬ್ಬಳ್ಳಿಯ ಅಂಗಡಿಗೂ ರಜಾ, ಪಿನ್ನು ಹಾಗೆಯೇ ಉಳಿಯಿತು. ಅವತ್ತಿನಿಂದ ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಇವರು ಕೂರುವುದನ್ನು ಬಿಟ್ಟರು. ಬಾಗಿಲಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಬಂದರೂ ಎದೆ ಧಸಕ್ ಅನ್ನುತ್ತಿತ್ತಂತೆ. ಬರೀ ಕೊಳವೆ ಹಿಡಿದುಕೊಂಡು ಅಷ್ಟೊಂದು ಮಂದಿಯ ದುಡ್ಡು ಕಾಯುವುದು ಸುಲಭದ ಕೆಲಸವೇನು? ಕಳ್ಳ ಬಂದರೆ ಇವರ ಬಳಿ ಇದ್ದದ್ದು ಇವರ ಎದೆಯೊಂದೇ. ಆ ಎದೆಗೆ ಮಾತ್ರ ಅಲ್ಲಿ ಅರ್ಧ ಪಗಾರ.

ಮರುವರ್ಷದ ಮಳೆಗಾಲದಲ್ಲಿ ನಮ್ಮ ಕಡೆಯೆಲ್ಲ ಚಿಕೂನ್‌ಗುನ್ಯಾ ಬಂತು. ಓಣಿಗೆ ಓಣಿಯೇ ಗೋಡೆ ಹಿಡಿದು ನಡೆಯುತ್ತಿತ್ತು. ಇವರಿಗೆ ಬಂದಾಗ ಬೆರಳು ಮಡಚಲು ಬರುತ್ತಿರಲಿಲ್ಲ, ಮಣಿಕಟ್ಟು ಬಾತುಕೊಂಡಿತ್ತು. ನೀರಿನ ಲೋಟವನ್ನು ಎರಡು ಅಂಗೈ ನಡುವೆ ಹಿಡಿದು ಕುಡಿಯುತ್ತಿದ್ದರು. ನಾನೇ ಕಾಯಿನ್ ಬಾಕ್ಸಿನಿಂದ ಏಜೆನ್ಸಿಗೆ ಫೋನು ಮಾಡಿ ಹೇಳಿದೆ. ಮರುದಿನ ಬೆಳಿಗ್ಗೆ ಅವನು ಕಾರು ತೆಗೆದುಕೊಂಡು ಮನೆಗೇ ಬಂದ. ಜ್ವರದ ಮನುಷ್ಯನನ್ನು ಮಾತಾಡಿಸಲು ಬಂದನಲ್ಲ, ಪರವಾಗಿಲ್ಲ ಎಂದು ನಾನು ಚಹಾಕ್ಕೆ ಇಟ್ಟೆ.

"ಅಕ್ಕಾರ, ಚಹಾ ಬ್ಯಾಡ, ಗಡಿಬಿಡಿ ಐತಿ" ಎಂದ. "ಅವ್ರು ಮಲಗ್ಲಿ. ಬಂದೂಕ ಕೊಡ್ರಿ, ಒಯ್ತೇನಿ. ಲಾಠಿಯವನೊಬ್ಬ ಅದಾನ, ಅವ ಹಿಡ್ಕೊಂಡು ನಿಂದರತಾನ."

ಒಳಗೆ ಚಾಪೆಯ ಮೇಲಿದ್ದ ಇವರಿಗೆ ಕೇಳಿಸಿತು. "ಹಂಗ ಕೊಡಾಕ ಬರಂಗಿಲ್ರಿ. ಲೈಸೆನ್ಸ್ ನನ್ನ ಹೆಸರಿಗೈತಿ. ಬ್ಯಾರೆಯವ್ರ ಕೈಯಾಗ ಕೊಟ್ರ ಜೈಲಾಗತೈತಿ" ಎಂದರು.

ಅವನು ಬಾಗಿಲ ಹತ್ತಿರ ಹೋಗಿ ಇಣುಕಿದ. ಹೇಗಿದ್ದೀರಿ ಎಂದು ಕೇಳಲಿಲ್ಲ. "ಹಂಗಾದ್ರ ನೀವೂ ಬರ್ರಿ. ಕಾರ್ ತಂದೇನಿ. ಕುರ್ಚಿ ಹಾಕಿಸ್ತೇನಿ, ಕುಂತ್ಕೊಂಡ ಇರ್ರಿ" ಎಂದ.

ನಾನು ಕೈಯಲ್ಲಿದ್ದ ಚಹಾದ ಪಾತ್ರೆಯನ್ನು ಕೆಳಗೆ ಕುಕ್ಕಿದೆ. "ಮನುಷ್ಯಾನ ಬೆರಳ ಮಡಚವಲ್ದು, ಅಂಥಾವ್ನ ಬಾಗಿಲಾ ಕಾಯಾಕ ಒಯ್ತೀಯೇನೋ? ನಾಚಿಕಿ ಬರಂಗಿಲ್ಲೇನು?"

ಅವನು ನಿಜಕ್ಕೂ ನೊಂದವನ ಹಾಗೆ ಹೇಳಿದ, "ಬೆರಳ ಮಡಚಿ ಏನ್ ಮಾಡೂದೈತ್ರೀ ಅಕ್ಕಾರ? ಅದೂ ಹಾರಂಗಿಲ್ಲ."

ನಾನು ಮುಂದೆ ಬಾಯಿ ತೆಗೆಯುವಷ್ಟರಲ್ಲಿ ಇವರು ಗೋಡೆ ಹಿಡಿದು ಎದ್ದು ಬಂದಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನನ್ನ ಮುಂದೆ ಎದೆ ಒಡ್ಡಿ ನಿಂತರು. ನಾನು ಹಾಕಲಿಲ್ಲ. ಅತ್ತೆ ಬಂದು ಹಾಕಿದರು.

ಮಧ್ಯಾಹ್ನ ನನಗೆ ಮಷೀನಿನ ಮುಂದೆ ಕೂರಲು ಆಗಲಿಲ್ಲ. ಡಬ್ಬಿಯಲ್ಲಿ ಗಂಜಿ ಹಾಕಿಕೊಂಡು ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿದ್ದರು. ಇವರು ಕೂತಿದ್ದರು, ಮುಖ ಕೆಂಪಾಗಿ ಉರಿಯುತ್ತಿತ್ತು. ಕೈಯಲ್ಲಿ ಹಿಡಿಯಲು ಬಾರದ್ದರಿಂದ ಯಾರೋ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟು ಹೋಗಿದ್ದರು. ಒಳಗಿನಿಂದ ಮ್ಯಾನೇಜರರು ಬಂದರು. ನನ್ನನ್ನು ನೋಡಿ ನಯವಾಗಿ ನಕ್ಕು, ನಾನೇ ಏಜೆನ್ಸಿಯವಳು ಎಂಬಂತೆ ಹೇಳಿದರು, "ಹೀಗೆ ಅಡ್ಡ ಇಟ್ರೆ ಬಂದೂಕು ಸರಿಯಾಗಿ ಕಾಣಲ್ಲಮ್ಮ. ನೆಟ್ಟಗೆ ನಿಲ್ಲಿಸೋಕಾಗುತ್ತಾ ನೋಡಿ."

ಮ್ಯಾನೇಜರರು ಒಳಗೆ ಹೋದರು. ಆಮೇಲೆ ಇವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಏಳ್ರಿ. ಮನಿಗಿ ನಡೀರಿ. ಸಾಕು ಈ ಚಾಕರಿ. ಅವರಿಗೆ ಬೇಕಾಗಿದ್ದು ಇದೊಂದ, ಮಾರಿ ಒಗೀರಿ ಅವರಿಗೇ ಇದನ್ನ. ನಾ ದುಡೀತೇನಿ" ಎಂದೆ.

ಇವರು ಬಾತ ಕೈಯನ್ನು ಬಂದೂಕಿನ ಮೇಲಿಂದ ತೆಗೆಯಲಿಲ್ಲ.

"ಮಾರಿದ್ರ ಇದಕ್ಕ ನಾಳೆನ ಕೆಲಸ ಸಿಗತೈತಿ" ಎಂದರು. "ನನಗ ಯಾರು ಕೊಡ್ತಾರ ಹೇಳು?"

ನಾನು ಡಬ್ಬಿಯ ಮುಚ್ಚಳ ತೆಗೆದೆ. ಬ್ಯಾಂಕಿನ ಬಾಗಿಲಲ್ಲಿ, ಬರುವವರು ಹೋಗುವವರೆಲ್ಲ ನೋಡುತ್ತಿದ್ದಂತೆ, ಇವರು ಬಾಯಿ ತೆರೆದರು. ನಾನು ಗಂಜಿ ಕುಡಿಸಿದೆ.